ಕ್ಯಾಂಪರ್ ವ್ಯಾನಿನಲ್ಲಿ ನಿಲ್ಲುವ ಎತ್ತರ

ನಿಲ್ಲುವ ಎತ್ತರ ಎಂದರೆ ಕ್ಯಾಂಪರ್ ವ್ಯಾನಿನ ಒಳಗೆ ವಯಸ್ಕ ವ್ಯಕ್ತಿಯೊಬ್ಬರು ತಲೆ ತಗ್ಗಿಸದೆ ನೇರವಾಗಿ ನಿಲ್ಲಲು ನೆಲ ಮತ್ತು ಛಾವಣಿಯ ನಡುವೆ ಇರಬೇಕಾದ ಅಂತರ. ಮಲಗಲು ಮತ್ತು ಅಡುಗೆ ಮಾಡಲು ಅನುಕೂಲವಾಗುವಂತೆ ಸಜ್ಜುಗೊಳಿಸಿದ ವ್ಯಾನನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಬಟ್ಟೆ ಬದಲಿಸುವುದು, ಒಲೆಯ ಮುಂದೆ ನಿಲ್ಲುವುದು, ಮಳೆಯ ದಿನವನ್ನು ಒಳಗೇ ಕಳೆಯುವುದು ಮುಂತಾದ ನಿತ್ಯದ ಕೆಲಸಗಳು ಈ ಎತ್ತರವನ್ನು ಅವಲಂಬಿಸಿವೆ. ಒಂದೆರಡು ರಾತ್ರಿಯ ಪ್ರಯಾಣದಲ್ಲಿ ಬಾಗಿ ಓಡಾಡುವುದು ಸಹ್ಯವಾದರೂ ವಾರಗಟ್ಟಲೆ ಪ್ರಯಾಣದಲ್ಲಿ ಅದು ಬೆನ್ನು ಮತ್ತು ಕತ್ತಿಗೆ ಹೊರೆಯಾಗುತ್ತದೆ.

ಹೊರನೋಟಕ್ಕೆ ಸಾಮಾನ್ಯ ವ್ಯಾನಿನಂತೆಯೇ ಕಾಣಬೇಕೆಂಬ ಅಪೇಕ್ಷೆ ಇದ್ದಾಗ ಈ ಎತ್ತರವನ್ನು ಪಡೆಯುವುದು ಕಠಿಣವಾಗುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ: ಸ್ಥಿರವಾದ ಎತ್ತರದ ಛಾವಣಿ ಮತ್ತು ಮೇಲೇಳುವ ಛಾವಣಿ.

ಇತಿಹಾಸ

ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1950ರಲ್ಲಿ ಟೈಪ್ 2 ವ್ಯಾನಿನ ಉತ್ಪಾದನೆಯನ್ನು ಆರಂಭಿಸಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆಯು ಅದರೊಳಗೆ ಇರಿಸಬಹುದಾದ, ಬೇಡವೆಂದಾಗ ಹೊರತೆಗೆಯಬಹುದಾದ ಪೀಠೋಪಕರಣಗಳನ್ನು ಸಿದ್ಧಪಡಿಸಿತು. ಆ ವ್ಯಾನಿನಲ್ಲಿ ಮಲಗಬಹುದಾಗಿತ್ತು, ಆದರೆ ನೆಟ್ಟಗೆ ನಿಲ್ಲುವಂತಿರಲಿಲ್ಲ.

ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದ ಮಾರ್ಟಿನ್ ವಾಲ್ಟರ್ ಸಂಸ್ಥೆಯು ಬೆಡ್‌ಫರ್ಡ್ ಸಿಎ ವ್ಯಾನನ್ನು ಆಧರಿಸಿ ಡಾರ್ಮೊಬೈಲ್ ಎಂಬ ವಾಹನಗಳನ್ನು ತಯಾರಿಸಿತು. ಅವುಗಳ ಛಾವಣಿಯನ್ನು ಒಂದು ಪಕ್ಕದಲ್ಲಿ ತಿರುಗಣಿಯಿಂದ ಜೋಡಿಸಿ, ಪೆಟ್ಟಿಗೆಯ ಮುಚ್ಚಳದಂತೆ ಮೇಲೆತ್ತುವ ವ್ಯವಸ್ಥೆ ಇತ್ತು. ತೆರೆದ ಬದಿಗಳಿಗೆ ಪಟ್ಟೆಪಟ್ಟೆಯ ಬಟ್ಟೆಯ ಹೊದಿಕೆ ಇರುತ್ತಿತ್ತು. ಫ್ರಾನ್ಸಿನಲ್ಲಿ ಸಮಸ್ಯೆಗೆ ಉತ್ತರ ದೊರೆತದ್ದು ನೆಲದಲ್ಲಿ. 1947ರಿಂದ 1981ರವರೆಗೆ ತಯಾರಾದ ಸಿಟ್ರೊಯೆನ್ ಎಚ್ ವ್ಯಾನಿನಲ್ಲಿ ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುತ್ತಿತ್ತು. ಹಿಂದಿನ ಚಕ್ರಗಳವರೆಗೆ ಸಾಗುವ ದಂಡ ಇಲ್ಲದ ಕಾರಣ ನೆಲವನ್ನು ರಸ್ತೆಗೆ ಹತ್ತಿರವಾಗಿ, ಸಮತಟ್ಟಾಗಿ ಇಡಲು ಸಾಧ್ಯವಾಯಿತು. ಒಳಗೆ ಸುಮಾರು 1.8 ಮೀಟರ್ ಎತ್ತರ ಸಿಗುತ್ತಿತ್ತು.

ಎತ್ತರದ ಲೆಕ್ಕ

ತಯಾರಕರು ಪ್ರಕಟಿಸುವ ಒಳಎತ್ತರವು ಬರಿಯ ಲೋಹದ ದೇಹದ ಅಳತೆ. ಸಜ್ಜುಗೊಳಿಸಿದ ಮೇಲೆ ಅದು ಕಡಿಮೆಯಾಗುತ್ತದೆ. 2006ರಲ್ಲಿ ಬಂದ ಪೀಳಿಗೆಯ ಫಿಯಟ್ ಡುಕಾಟೊ ವ್ಯಾನು ಇದಕ್ಕೆ ಒಳ್ಳೆಯ ನಿದರ್ಶನ. ಅದರ ಎಚ್1, ಎಚ್2 ಮತ್ತು ಎಚ್3 ಛಾವಣಿಗಳ ಒಳಎತ್ತರ ಕ್ರಮವಾಗಿ 1,662, 1,932 ಮತ್ತು 2,172 ಮಿಲಿಮೀಟರ್. ಹೊರಗಿನ ಎತ್ತರ ಸುಮಾರು 2.25, 2.52 ಮತ್ತು 2.76 ಮೀಟರ್.

ಎಚ್2 ವ್ಯಾನಿನ ನೆಲದಲ್ಲಿ ಉಷ್ಣನಿರೋಧಕ ಹಾಳೆ, ಪ್ಲೈವುಡ್ ಮತ್ತು ಮೇಲುಹಾಸು ಸೇರಿ 40 ಮಿಲಿಮೀಟರ್, ಛಾವಣಿಯ ಒಳಮೈಯಲ್ಲಿ ಇನ್ನೊಂದು 40 ಮಿಲಿಮೀಟರ್ ಹೋಯಿತೆಂದು ಭಾವಿಸಿದರೆ ಉಳಿಯುವುದು 1,852 ಮಿಲಿಮೀಟರ್. 1.80 ಮೀಟರ್ ಎತ್ತರದ ವ್ಯಕ್ತಿಗೆ ಇದು ಸಾಲುತ್ತದೆ, ಆದರೆ ಮಿಗುವುದು ಐದು ಸೆಂಟಿಮೀಟರ್ ಮಾತ್ರ. ಛಾವಣಿಯ ಅಡ್ಡಪಟ್ಟಿಗಳ ನಡುವಿನ ಪೊಳ್ಳಿನಲ್ಲಿಯೇ ನಿರೋಧಕವನ್ನು ತುಂಬಿದರೆ ಸ್ವಲ್ಪ ಎತ್ತರ ಉಳಿಯುತ್ತದೆ. ಅಳೆಯುವಾಗ ಪಾದರಕ್ಷೆ ಧರಿಸಿ, ಅಡುಗೆ ಮಾಡುವ ಜಾಗದಲ್ಲಿಯೇ ಅಳೆಯುವುದು ಸೂಕ್ತ. ಹಾಸಿಗೆಯ ಮೇಲೆ ನಿಲ್ಲುವ ಎತ್ತರ ಬೇಕಿಲ್ಲ.

ಇದೇ ಲೆಕ್ಕದಲ್ಲಿ ಎಚ್1 ವ್ಯಾನಿನಲ್ಲಿ ಉಳಿಯುವುದು 1,582 ಮಿಲಿಮೀಟರ್. ಆ ವ್ಯಾನು ಎರಡು ಮೀಟರ್ ಮಿತಿಯ ವಾಹನ ನಿಲುಗಡೆ ಕಟ್ಟಡದೊಳಗೂ ಹೋಗುವುದಿಲ್ಲ, ಒಳಗೆ ಹೆಚ್ಚಿನ ವಯಸ್ಕರು ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಹೀಗೆ ನಡುವಿನ ಎತ್ತರದ ಆಯ್ಕೆಯಲ್ಲಿ ಎರಡು ಕಡೆಯ ಲಾಭವೂ ಕೈತಪ್ಪಬಹುದು.

ಸ್ಥಿರವಾದ ಎತ್ತರದ ಛಾವಣಿ

ಕಾರ್ಖಾನೆಯಲ್ಲಿಯೇ ಎತ್ತರದ ಛಾವಣಿಯೊಂದಿಗೆ ತಯಾರಾದ ವ್ಯಾನನ್ನು ಕೊಳ್ಳುವುದು ಅತ್ಯಂತ ಸರಳ ಮಾರ್ಗ. ದೇಹವನ್ನು ಕತ್ತರಿಸುವ ಅಗತ್ಯವಿಲ್ಲ, ಗೋಡೆ ಮತ್ತು ಛಾವಣಿಗೆ ಪೂರ್ಣವಾಗಿ ನಿರೋಧಕ ಹಾಕಬಹುದು, ತಲೆಯ ಮಟ್ಟದಲ್ಲಿ ಕಪಾಟುಗಳನ್ನು ಕಟ್ಟಬಹುದು. ತಗ್ಗಾದ ವ್ಯಾನುಗಳಿಗೆ ಫೈಬರ್‌ಗ್ಲಾಸ್ ಛಾವಣಿಯನ್ನು ಪ್ರತ್ಯೇಕವಾಗಿ ಜೋಡಿಸುವ ಪದ್ಧತಿಯೂ ಇದೆ. ಆದರೆ ಅದು ದೂರದಿಂದಲೇ ಕ್ಯಾಂಪರ್ ಎಂದು ಗುರುತು ಸಿಗುತ್ತದೆ.

ಎತ್ತರ ಹೆಚ್ಚಿದಂತೆ ಗಾಳಿಗೆ ಎದುರಾಗುವ ಮುಖದ ವಿಸ್ತೀರ್ಣವೂ ಹೆಚ್ಚುತ್ತದೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೆದ್ದಾರಿಯಲ್ಲಿ ಇಂಧನದ ವೆಚ್ಚ ಎದ್ದು ಕಾಣುತ್ತದೆ. ಅಡ್ಡಗಾಳಿಯಲ್ಲಿ ವಾಹನ ಹೊಯ್ದಾಡುವುದೂ ಹೆಚ್ಚು.

ಮೇಲೇಳುವ ಛಾವಣಿ

ಇದನ್ನು ಪಾಪ್-ಟಾಪ್ ಎಂದೂ ಕರೆಯುತ್ತಾರೆ. ವ್ಯಾನಿನ ಛಾವಣಿಯನ್ನು ಕತ್ತರಿಸಿ, ತಿರುಗಣಿಯ ಮೇಲೆ ಏಳುವ ಮುಚ್ಚಳವನ್ನು ಕೂರಿಸಿ, ಸುತ್ತಲೂ ನೀರು ನಿಲ್ಲಿಸುವ ಬಟ್ಟೆಯನ್ನು ಕಟ್ಟಲಾಗುತ್ತದೆ. ಮೇಲೆತ್ತಿದಾಗ ಕೆಳಗೆ ನಿಲ್ಲಲು ಎತ್ತರವೂ ಹಲವು ಮಾದರಿಗಳಲ್ಲಿ ಮೇಲೆ ಇನ್ನೊಂದು ಹಾಸಿಗೆಯೂ ದೊರೆಯುತ್ತವೆ. 1988ರಲ್ಲಿ ಆರಂಭವಾದ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಈ ಬಗೆಯ ಪ್ರಸಿದ್ಧ ವಾಹನ. ಅದರ ಐದನೆಯ ಮತ್ತು ಆರನೆಯ ಪೀಳಿಗೆಯ ವಾಹನಗಳ ಎತ್ತರ, ಛಾವಣಿ ಮುಚ್ಚಿದಾಗ, ಸುಮಾರು 1.99 ಮೀಟರ್. ಇದರಿಂದ ಎರಡು ಮೀಟರ್ ಮಿತಿಯ ನಿಲುಗಡೆ ತಾಣಗಳಿಗೂ ಅವು ಹೋಗಬಲ್ಲವು.

ಬಟ್ಟೆಯ ಗೋಡೆಯು ಚಳಿಯನ್ನೂ ಸದ್ದನ್ನೂ ಚೆನ್ನಾಗಿ ತಡೆಯಲಾರದು. ಒದ್ದೆ ಬಟ್ಟೆಯನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿರುಗಾಳಿ ಬೀಸುವಾಗ ಛಾವಣಿಯನ್ನು ಇಳಿಸಬೇಕಾಗುತ್ತದೆ.

ಕಣ್ಣಿಗೆ ಬೀಳದಿರುವ ಗುಣ

ತಗ್ಗಾದ ವ್ಯಾನೇ ಜನರ ಗಮನವನ್ನು ಕಡಿಮೆ ಸೆಳೆಯುತ್ತದೆ ಎಂಬ ಭಾವನೆ ಸಾಮಾನ್ಯ. ಹಗಲಿನಲ್ಲಿ ಅದು ನಿಜ. ಆದರೆ ಮೇಲೇಳುವ ಛಾವಣಿಯು ತೆರೆದುಕೊಳ್ಳುವುದು ರಾತ್ರಿ, ಅಂದರೆ ಒಳಗೆ ಜನ ಮಲಗಿರುವುದು ಯಾರಿಗೂ ತಿಳಿಯಬಾರದ ಹೊತ್ತಿನಲ್ಲಿ. ಎತ್ತರದ ಛಾವಣಿಯ ಬಿಳಿಯ ಸರಕು ವ್ಯಾನು ಗಾತ್ರದಲ್ಲಿ ದೊಡ್ಡದಾದರೂ ಹಗಲು ರಾತ್ರಿ ಒಂದೇ ರೂಪದಲ್ಲಿರುತ್ತದೆ. ಯುರೋಪಿನ ನಗರಗಳಲ್ಲಿ ಪಾರ್ಸೆಲ್ ಹಂಚುವ ಇಂಥ ವ್ಯಾನುಗಳು ಹೇರಳವಾಗಿರುವುದರಿಂದ ಅದು ಅವುಗಳ ನಡುವೆ ಬೆರೆತುಹೋಗುತ್ತದೆ. ಪಕ್ಕದ ಕಿಟಕಿ, ನೆರಳುಚಾಚು ಮತ್ತು ಚಿತ್ರಪಟ್ಟಿಗಳು ವಾಹನದ ಗುರುತನ್ನು ಎತ್ತರಕ್ಕಿಂತ ಬೇಗ ಬಿಟ್ಟುಕೊಡುತ್ತವೆ. ಸೌರಫಲಕವನ್ನು ಛಾವಣಿಗೆ ಅಂಟಿದಂತೆ ಕೂರಿಸಿದರೆ ನೆಲದ ಮೇಲೆ ನಿಂತವರಿಗೆ ಅದು ಕಾಣುವುದು ಅಪರೂಪ.

ಆದಕಾರಣ ನಗರದ ರಸ್ತೆಬದಿಯಲ್ಲಿ ತಂಗುವವರಿಗೆ ಸ್ಥಿರ ಛಾವಣಿಯೂ, ಗೊತ್ತುಪಡಿಸಿದ ಶಿಬಿರತಾಣಗಳಲ್ಲಿ ತಂಗಿ, ಉಳಿದ ದಿನಗಳಲ್ಲಿ ಅದೇ ವಾಹನವನ್ನು ಕಾರಿನಂತೆ ಬಳಸುವವರಿಗೆ ಮೇಲೇಳುವ ಛಾವಣಿಯೂ ಹೆಚ್ಚು ಹೊಂದುತ್ತವೆ. ರಾತ್ರಿ ತಂಗುವುದನ್ನು ನಿಷೇಧಿಸಿರುವ ಸ್ಥಳದ ನಿಯಮವು ವಾಹನದ ರೂಪ ಯಾವುದಾದರೂ ಅನ್ವಯಿಸುತ್ತದೆ.

ಸುರಕ್ಷತೆ ಮತ್ತು ಕಾನೂನು

ಛಾವಣಿಯ ಅಡ್ಡಪಟ್ಟಿಗಳು ವಾಹನದ ದೇಹಕ್ಕೆ ಬಿಗಿತ ಕೊಡುತ್ತವೆ. ಅವನ್ನು ಕತ್ತರಿಸಿದಾಗ ತೆರಪಿನ ಸುತ್ತ ಬಲವಾದ ಚೌಕಟ್ಟನ್ನು ಕೂರಿಸದಿದ್ದರೆ ಅಪಘಾತದಲ್ಲಿ, ಮುಖ್ಯವಾಗಿ ವಾಹನ ಪಲ್ಟಿಯಾದಾಗ, ಒಳಗಿರುವವರ ಪ್ರಾಣಕ್ಕೆ ಅಪಾಯ. ಆದ್ದರಿಂದ ಇದು ಪರಿಣತರಿಂದ, ಪರೀಕ್ಷೆಗೊಳಪಟ್ಟ ಸಾಮಗ್ರಿಗಳಿಂದಲೇ ಆಗಬೇಕಾದ ಕೆಲಸ.

ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್ಎ, ವಾಹನವನ್ನು ಮೋಟಾರ್ ಕ್ಯಾರವಾನ್ ಎಂದು ದಾಖಲಿಸುವಾಗ ಹೊರನೋಟವನ್ನೂ ಪರಿಗಣಿಸುತ್ತದೆ. ಅದು ನೋಡುವ ಲಕ್ಷಣಗಳಲ್ಲಿ ಎತ್ತರದ ಸ್ಥಿರ ಛಾವಣಿ ಸೇರಿದೆ, ಮೇಲೇಳುವ ಛಾವಣಿ ಸೇರಿಲ್ಲ. ಹೀಗಾಗಿ ಗುರುತು ಸಿಗದಂತೆ ಕಟ್ಟಿದ ವಾಹನವು ದಾಖಲೆಯಲ್ಲಿ ವ್ಯಾನಾಗಿಯೇ ಉಳಿಯಬಹುದು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಛಾವಣಿಗೆ ಕೈಹಾಕುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯಕ.