ನಿಮಗಿದು ಗೊತ್ತೇ? ಅಳಬೇಕಾದ ಹೊತ್ತಲ್ಲಿ ಉಕ್ಕುವ ನಗು

ಆಪ್ತಸಮಾಲೋಚಕರ ಎದುರು ಕೂತು ಬದುಕಿನ ಅತಿ ಕೆಟ್ಟ ದಿನವನ್ನು ಹೇಳಿಕೊಳ್ಳುತ್ತಿರುವಾಗಲೇ ಕೆಲವರಿಗೆ ಕಿಸಕ್ಕನೆ ನಗು ಬಂದುಬಿಡುತ್ತದೆ. ತುಟಿ ಕಚ್ಚಿ ಹಿಡಿದರೂ ನಿಲ್ಲದು. ‘ಛೆ, ನನಗೆ ಮನಸ್ಸಾಕ್ಷಿಯೇ ಇಲ್ಲವಾ?’ ಎಂಬ ಅಳುಕು ಆಮೇಲೆ ಕಾಡುತ್ತದೆ. ಅಳುಕಬೇಕಾಗಿಲ್ಲ, ಚಿಕಿತ್ಸಕರ ಪಾಲಿಗೆ ಇದು ಮಾಮೂಲು. ಈ ಹೊತ್ತಲ್ಲದ ಹೊತ್ತಿನ ನಗುವಿನ ಬಗ್ಗೆ ಒಂದಿಷ್ಟು ಸಂಗತಿಗಳು ಇಲ್ಲಿವೆ.

● ನಗು ಬರಲು ತಮಾಷೆಯೇ ಬೇಕೆಂದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವಿನ್ ತಮ್ಮ ವಿದ್ಯಾರ್ಥಿಗಳೊಂದಿಗೆ ಸಾರ್ವಜನಿಕ ಜಾಗಗಳಲ್ಲಿ ಜನರ ಮಾತಿಗೆ ಕಿವಿಗೊಟ್ಟು ಸುಮಾರು 1,200 ನಗುವಿನ ಪ್ರಸಂಗಗಳನ್ನು ದಾಖಲಿಸಿದರು. ನಗುವಿಗೆ ಮುಂಚಿನ ಮಾತುಗಳಲ್ಲಿ ತಮಾಷೆ ಎನ್ನಬಹುದಾದವು ನೂರಕ್ಕೆ 10ರಿಂದ 20 ಮಾತ್ರ. ಉಳಿದವೆಲ್ಲ ‘ಸರಿ, ಆಮೇಲೆ ಸಿಗ್ತೀನಿ’ ಎಂಬಂಥ ಸಪ್ಪೆ ಮಾತುಗಳು. ಕೇಳುವವರಿಗಿಂತ ಮಾತಾಡುವವರೇ ಹೆಚ್ಚು ನಗುತ್ತಾರೆ ಎಂಬುದೂ ಅವರು ಕಂಡುಕೊಂಡದ್ದು.

● ಚಿಕಿತ್ಸೆಯ ಕೋಣೆಯಲ್ಲೂ ಅಷ್ಟೆ. 2004ರಲ್ಲಿ ಪ್ರಕಟವಾದ ಬಾಸ್ಟನ್ ಸಂಶೋಧಕರ ಅಧ್ಯಯನವೊಂದರಲ್ಲಿ, ಸಲಹೆಗೆ ಬಂದವರು ಚಿಕಿತ್ಸಕರಿಗಿಂತ ಎರಡು ಪಟ್ಟಿಗೂ ಹೆಚ್ಚು ಬಾರಿ ನಕ್ಕಿದ್ದರು. ಇಬ್ಬರೂ ಒಟ್ಟಿಗೆ ನಕ್ಕಾಗ ಇಬ್ಬರ ಮೈಯಲ್ಲೂ ಭಾವೋದ್ವೇಗ ಏರಿದ್ದನ್ನು ಬೆರಳಿಗೆ ಅಂಟಿಸಿದ ಉಪಕರಣ ತೋರಿಸಿತ್ತು.

● ಮನಶ್ಶಾಸ್ತ್ರದ ಚರಿತ್ರೆಯಲ್ಲಿ ಬಹುಶಃ ಅತಿ ಸಂಕಟದ ನಗು ದಾಖಲಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ. ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಆರಂಭಿಸಿದ ಪ್ರಯೋಗ ಅದು. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಕರೆಂಟ್ ಶಾಕ್ ಕೊಡಬೇಕು, 15 ವೋಲ್ಟ್‌ನಿಂದ 450ರವರೆಗೆ ಏರಿಸುತ್ತಾ ಹೋಗಬೇಕು. ಶಾಕ್ ಸುಳ್ಳು, ಆದರೆ ಗುಂಡಿ ಒತ್ತುವವರಿಗೆ ಅದು ಗೊತ್ತಿಲ್ಲ. ಅವರು ಬೆವರಿದರು, ತೊದಲಿದರು, ನಡುಗಿದರು. 40 ಜನರಲ್ಲಿ 14 ಮಂದಿ ನಗತೊಡಗಿದರು! ಮೂವರಿಗಂತೂ ಮೈ ಸೆಳೆದುಕೊಳ್ಳುವಂಥ ಹತೋಟಿ ತಪ್ಪಿದ ನಗು. ಪುಸ್ತಕ ಮಾರುವ 46ರ ವ್ಯಕ್ತಿಯೊಬ್ಬರ ಸ್ಥಿತಿ ನೋಡಲಾಗದೆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಪ್ರಯೋಗ ಮುಗಿದ ಮೇಲೆ ನಕ್ಕವರೆಲ್ಲ ‘ನಾವು ಕ್ರೂರಿಗಳಲ್ಲ, ಇನ್ನೊಬ್ಬರ ನೋವಿಗೆ ನಕ್ಕಿದ್ದಲ್ಲ’ ಎಂದು ಮನವರಿಕೆ ಮಾಡಿಕೊಡಲು ಪರದಾಡಿದರಂತೆ. ಅವರನ್ನು ನಂಬದಿರಲು ನನಗಂತೂ ಕಾರಣ ಕಾಣುವುದಿಲ್ಲ.

● ಹೊತ್ತಲ್ಲದ ಹೊತ್ತಿನ ಈ ನಗು ಭರತಮುನಿಗೆ ಆಗಲೇ ತಿಳಿದಿತ್ತು. ನಾಟ್ಯಶಾಸ್ತ್ರ ಹೇಳುವ ಆರು ಬಗೆಯ ನಗೆಗಳಲ್ಲಿ ಐದನೆಯದು ‘ಅಪಹಸಿತ’. ಸಲ್ಲದ ಸಂದರ್ಭದಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು, ಹೆಗಲು ತಲೆ ಅಲುಗಾಡುವಂತೆ ನಗುವುದು ಅದರ ಲಕ್ಷಣ. ಆರನೆಯದು ‘ಅತಿಹಸಿತ’. ಅದರಲ್ಲಿ ಪಕ್ಕೆಗಳನ್ನೇ ಕೈಯಲ್ಲಿ ಹಿಡಿದುಕೊಳ್ಳಬೇಕು.

● ಮನಸ್ಸಿನಲ್ಲಿ ತುಂಬಿಕೊಂಡ ಒತ್ತಡ ಕುಕ್ಕರ್ ಸೀಟಿಯಂತೆ ನಗುವಾಗಿ ಹೊರಬೀಳುತ್ತದೆ ಎಂಬ ವಾದ ಹಳೆಯದು. ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ 1860ರಲ್ಲೇ ಹಾಗೆ ಬರೆದರು, ಫ್ರಾಯ್ಡ್ 1905ರಲ್ಲಿ ನಗೆಹನಿಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇತ್ತೀಚಿನ ವಿವರಣೆ ಸ್ವಲ್ಪ ಬೇರೆ. ಯೇಲ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಒರಿಯಾನಾ ಅರಗಾನ್ ಮತ್ತು ಸಂಗಡಿಗರು 2015ರಲ್ಲಿ ಹೇಳಿದ ಪ್ರಕಾರ, ಒಂದು ಭಾವ ಮಿತಿಮೀರಿದಾಗ ಅದಕ್ಕೆ ತದ್ವಿರುದ್ಧವಾದ ಚಹರೆ ಮೂಡುವುದು ಮನಸ್ಸನ್ನು ಹದಕ್ಕೆ ತರುವ ಉಪಾಯವಿರಬಹುದು. ಮಗಳ ಧಾರೆಯ ಹೊತ್ತಿಗೆ ಅಪ್ಪ ಕಣ್ಣೊರೆಸಿಕೊಳ್ಳುವುದು, ಗಾಬರಿಯಲ್ಲಿ ನಗು ಬರುವುದು ಎರಡೂ ಒಂದೇ ಜಾತಿಯವು!

● ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಮನಶ್ಶಾಸ್ತ್ರಜ್ಞರಾದ ಜಾರ್ಜ್ ಬೊನಾನೊ ಮತ್ತು ಡ್ಯಾಕರ್ ಕೆಲ್ಟ್ನರ್ ಮಾತಾಡಿಸಿ, ಮುಖಭಾವಗಳನ್ನು ವಿಡಿಯೊದಲ್ಲಿ ಪರೀಕ್ಷಿಸಿದರು. ತೀರಿಹೋದವರ ಬಗ್ಗೆ ಹೇಳುವಾಗ ನಿಜವಾಗಿ ನಕ್ಕವರಲ್ಲಿ ಸಂಕಟ ಕಡಿಮೆಯಿತ್ತು ಎಂದು 1997ರಲ್ಲಿ ವರದಿಯಾಯಿತು. ‘ನಿಜವಾಗಿ’ ಎಂದರೆ ಕಣ್ಣಿನ ಸುತ್ತಲ ಸ್ನಾಯುವೂ ಕುಗ್ಗುವಂತೆ. ಆ ಸ್ನಾಯುವಿನ ಗುಟ್ಟನ್ನು ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಹೇಳಿದ್ದರು. ಸಾವಿನ ಮನೆಯ ಜಗಲಿಯಲ್ಲಿ ಹೋದವರ ಚೇಷ್ಟೆಗಳನ್ನು ನೆನೆದು ನಗುವವರನ್ನು ಗದರಿಸುವ ಹಿರಿಯರು ಗಮನಿಸಬೇಕು.

● ಆದರೆ ಎಲ್ಲ ನಗುವಿಗೂ ಚಿಕಿತ್ಸಕರು ಜೊತೆಗೂಡುವುದಿಲ್ಲ. ‘ನಿನ್ನೆ ಮತ್ತೆ ಕುಡಿದೆ ಸಾರ್, ಗಾಡಿ ಗೋಡೆಗೆ ಗುದ್ದಿದೆ, ಹ್ಹಹ್ಹ...’ ತನ್ನ ಹಾನಿಯನ್ನೇ ನಗೆಚಾಟಿಕೆ ಮಾಡಿಕೊಳ್ಳುವ ಇಂಥ ನಗುವಿಗೆ ಮನೋವೈದ್ಯ ಎರಿಕ್ ಬರ್ನ್ ಕಟ್ಟಿದ ‘ಟ್ರಾನ್ಸಾಕ್ಷನಲ್ ಅನಾಲಿಸಿಸ್’ ಪದ್ಧತಿಯಲ್ಲಿ ನೇಣುಗಂಬದ ನಗು ಎಂದು ಹೆಸರು. ಕೇಳುವವರೂ ನಕ್ಕರೆ ಆ ಹಾನಿಗೆ ಶಭಾಸ್ ಎಂದಂತೆ. ಆದ್ದರಿಂದ ಅಲ್ಲಿ ನಗಬಾರದೆಂದೇ ಚಿಕಿತ್ಸಕರಿಗೆ ಕಲಿಸುತ್ತಾರೆ.

● ನಕ್ಕು ನಕ್ಕು ಮಂಡಿ ಕುಸಿದಂತಾಗುವುದು ಬರೀ ಭ್ರಮೆಯಲ್ಲ. ನಗುವಾಗ ಕಾಲಿನ ಒಂದು ನರ-ಪ್ರತಿಕ್ರಿಯೆ ಗಣನೀಯವಾಗಿ ತಗ್ಗುತ್ತದೆ ಎಂದು ನೆದರ್ಲೆಂಡ್ಸ್‌ನ ವೈದ್ಯರು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು.

● 1962ರ ಜನವರಿ 30. ಈಗಿನ ಟಾಂಜಾನಿಯಾದ ಕಶಾಶಾ ಹಳ್ಳಿಯ ಬಾಲಕಿಯರ ವಸತಿ ಶಾಲೆಯಲ್ಲಿ ಮೂವರಿಗೆ ಶುರುವಾದ ನಗು 159 ವಿದ್ಯಾರ್ಥಿನಿಯರ ಪೈಕಿ 95 ಮಂದಿಗೆ ಹಬ್ಬಿತು. ಮಾರ್ಚ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಮಕ್ಕಳು ಮನೆಗೆ ಹೋದರು, ನಗುವೂ ಜೊತೆಗೆ ಹೋಯಿತು! ತಿಂಗಳುಗಟ್ಟಲೆ ಎಡೆಬಿಡದೆ ನಕ್ಕರೆಂಬುದು ಉತ್ಪ್ರೇಕ್ಷೆ. ಅದು ಬಿಟ್ಟು ಬಿಟ್ಟು ಬರುತ್ತಿತ್ತು, ಅಳುವೂ ಜೊತೆಗಿತ್ತು. ವಿಷವೂ ಸಿಗಲಿಲ್ಲ, ಸೋಂಕೂ ಸಿಗಲಿಲ್ಲ. ಸಾಮೂಹಿಕ ಒತ್ತಡವೇ ಕಾರಣವೆಂದು ತಜ್ಞರ ತೀರ್ಮಾನ. ಶಿಕ್ಷಕರಿಗೆ ಮಾತ್ರ ಏನೂ ಆಗಲಿಲ್ಲ.

● ಮಿದುಳಿನ ಒಂದು ಜಾಗ ಮುಟ್ಟಿದರೆ ಸಾಕು, ನಗು ಬರುತ್ತದೆ. 1998ರಲ್ಲಿ ಲಾಸ್ ಏಂಜಲೀಸ್‌ನಿಂದ ವರದಿಯಾದಂತೆ, ಮೂರ್ಛೆರೋಗದ ಚಿಕಿತ್ಸೆಗಾಗಿ 16ರ ಹುಡುಗಿಯ ಮಿದುಳಿಗೆ ಸಣ್ಣ ವಿದ್ಯುತ್ ಹರಿಸಿದಾಗ ಅವಳು ನಕ್ಕಳು. ಯಾಕೆಂದು ಕೇಳಿದರೆ, ಸುತ್ತ ನಿಂತಿದ್ದ ವೈದ್ಯರೇ ತಮಾಷೆಯಾಗಿ ಕಾಣುತ್ತಿದ್ದಾರೆ ಎಂದಳು. ಮೊದಲು ನಗು, ಕಾರಣ ಆಮೇಲೆ.

● ಇನ್ನು ಕಾಯಿಲೆಯ ನಗು. ಪಾರ್ಶ್ವವಾಯು, ತಲೆಗೆ ಪೆಟ್ಟು, ಮಲ್ಟಿಪಲ್ ಸ್ಕ್ಲೀರೋಸಿಸ್‌ನಂಥವುಗಳಿಂದ ಮಿದುಳಿನ ಹತೋಟಿಯ ಹಾದಿ ಹಾಳಾದರೆ, ಮನಸ್ಸಿನಲ್ಲಿ ಏನೂ ಇಲ್ಲದಿದ್ದರೂ ನಗು ಅಥವಾ ಅಳು ಒತ್ತರಿಸಿ ಬರುತ್ತದೆ. ವೈದ್ಯರು ಇದನ್ನು ಸೂಡೋಬಲ್ಬಾರ್ ಅಫೆಕ್ಟ್ ಎನ್ನುತ್ತಾರೆ. ಇದಕ್ಕೆಂದೇ ಒಂದು ಔಷಧಿಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. 2019ರ ‘ಜೋಕರ್’ ಚಿತ್ರದ ನಾಯಕ ‘ನನ್ನ ನಗುವನ್ನು ಕ್ಷಮಿಸಿ’ ಎಂಬ ಅರ್ಥದ ಚೀಟಿ ಇಟ್ಟುಕೊಂಡು ಓಡಾಡುವುದು ನೆನಪಿರಬಹುದು. ಪುಟ್ಟ ಮಕ್ಕಳಲ್ಲಿ ಸಂತೋಷವಿಲ್ಲದ ನಗು ಮತ್ತೆ ಮತ್ತೆ, ಒಂದೇ ತೆರನಾಗಿ ಬರುತ್ತಿದ್ದರೆ ಅದು ಮೂರ್ಛೆರೋಗದ ಒಂದು ಬಗೆಯೂ ಆಗಿರಬಹುದು. ‘ಎಷ್ಟು ಖುಷಿಯ ಮಗು’ ಎಂದು ಸುಮ್ಮನಿರದೆ ನರರೋಗ ತಜ್ಞರಿಗೆ ತೋರಿಸಿ.

● ಸಮಾಲೋಚನೆಯ ಮಧ್ಯೆ ನಗು ಬಂದರೆ ಏನು ಮಾಡಬೇಕು? ನಗು ಬರುತ್ತಿದೆ ಎಂದು ಬಾಯಿಬಿಟ್ಟು ಹೇಳಿಬಿಡಿ. ಯಾವ ಮಾತಿಗೆ ಬಂತು ಎಂಬುದೇ ಚಿಕಿತ್ಸಕರಿಗೆ ಬೇಕಾದ ಸುಳಿವು. ಎದುರು ಕೂತು ಮಾತಾಡಲು ಹಿಂಜರಿಕೆಯಿದ್ದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾತಿನ ನಡುವೆ ನಗು ಬಂದರೆ ಬರಲಿ, ಫೋನ್ ಮಾತ್ರ ಇಡಬೇಡಿ.