ಹಿಂದಕ್ಕೆ ನೋಡುವ ಕಣ್ಣು

ಕೋಯಂಬೇಡಿನಿಂದ ತರಕಾರಿ ತರುವ ನಮ್ಮ ಹಳೆಯ ಕಾರು ಕಳೆದ ವರ್ಷ ಹೋಟೆಲಿನ ಹಿಂದಣ ಓಣಿಯಲ್ಲಿ ಹಿಮ್ಮುಖವಾಗಿ ಬರುತ್ತಿದ್ದಾಗ, ಪಾತ್ರೆ ತೊಳೆಯುತ್ತ ಕುಳಿತಿದ್ದ ಕೆಲಸಗಾರನಿಂದ ಗೇಣು ದೂರದಲ್ಲಿ ನಿಂತಿತು. ನಿಲ್ಲಿಸಿದುದು ಅವನ ಕೂಗೇ ಹೊರತು ನನ್ನ ಕನ್ನಡಿಯಲ್ಲ. 2019ರ ಜುಲೈಯಿಂದ ತಯಾರಾಗುವ ಕಾರುಗಳಿಗೆ ಹಿಂಬದಿಯ ಸೆನ್ಸರು ಕಡ್ಡಾಯವಾಗಿದೆ. ನಮ್ಮದು ಅದಕ್ಕೂ ಹಿಂದಿನದು. ಆದುದರಿಂದ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಕ್ಯಾಮರಾವನ್ನೂ ಪರದೆಯನ್ನೂ ಕೊಂಡು, ನಾನೇ ಜೋಡಿಸಲು ಕುಳಿತೆನು.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚತಕ್ಕದ್ದು. ಕ್ಯಾಮರಾ ನಂಬರ್ ಪ್ಲೇಟಿನ ಮೇಲ್ಗಡೆ, ಅಂಕೆಗಳಿಗೆ ಮರೆಯಾಗದಂತೆ ಇರಬೇಕು. ಅದರ ಕೆಂಪು ತಂತಿಯನ್ನು ರಿವರ್ಸ್ ದೀಪದ ಪಾಸಿಟಿವ್ ತಂತಿಗೂ ಕಪ್ಪನ್ನು ಕಾರಿನ ಲೋಹಕ್ಕೂ ಕೂಡಿಸಿದರೆ, ರಿವರ್ಸ್ ಗೇರು ಹಾಕಿದಾಗ ಮಾತ್ರ ಕಣ್ಣು ತೆರೆಯುವುದು. ಪರದೆಗೆ ವಿದ್ಯುತ್ತನ್ನು ಫ್ಯೂಸಿನ ಮೂಲಕವೇ ಕೊಡಬೇಕು. ಚಿತ್ರವನ್ನು ಒಯ್ಯುವ ಹಳದಿ ತುದಿಯ ತಂತಿಯನ್ನು ಹಿಂದಿನಿಂದ ಮುಂದಕ್ಕೆ ಎಳೆಯುವುದೇ ನಿಜವಾದ ಶ್ರಮ. ಡಿಕ್ಕಿಯ ಬಾಗಿಲು ಮಡಿಚುವೆಡೆ ಅದು ರಬ್ಬರು ಕೊಳವೆಯೊಳಗಿಂದಲೇ ಹಾಯಬೇಕು. ನಾನು ಆತುರದಿಂದ ಹೊರಗೆ ಬಿಟ್ಟೆನು. ಹದಿನೈದು ದಿನಗಳಲ್ಲಿ ಬಾಗಿಲಿಗೆ ಸಿಕ್ಕಿ ತುಂಡಾಯಿತು. ಮತ್ತೊಂದು ಭಾನುವಾರ ಹೋಯಿತು.

ಇಷ್ಟಾದರೂ ಕಾರ್ತಿಕದ ಮಳೆಯಲ್ಲಿ ಕೆಸರು ಸಿಡಿದರೆ ಈ ಕಣ್ಣು ಕುರುಡೇ. ಪಾತ್ರೆ ತೊಳೆಯುವ ಆ ಕೆಲಸಗಾರನೇ ಈಗ ಪ್ರತಿದಿನ ಬೆಳಗ್ಗೆ ಅದನ್ನು ಒರೆಸುತ್ತಾನೆ. ನಾನು ಹೇಳಿದ್ದಲ್ಲ.