ಎಂಜಿನ್ನಿನ ಕಾವು, ಬೋರಿನ ನೀರು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ತಡಸವು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಿಂದ ಮುಂಡಗೋಡ, ಶಿರಸಿಗಳ ಕಡೆಗೆ ರಸ್ತೆ ಕವಲೊಡೆಯುವ ಊರಾದ್ದರಿಂದ, ಬಯಲುಸೀಮೆಯ ಸರಕು ಮಲೆನಾಡಿಗೂ ಕರಾವಳಿಗೂ ಹೋಗುವಾಗ ಹಾಗೂ ಅಲ್ಲಿಯ ಸರಕು ಘಟ್ಟ ಹತ್ತಿ ಬರುವಾಗ ಅದರ ಒಂದು ಪಾಲು ಈ ಕ್ರಾಸನ್ನು ದಾಟಿಯೇ ಸಾಗುತ್ತದೆ. ಇದೇ ಹೆದ್ದಾರಿಯಲ್ಲಿ ಹುಬ್ಬಳ್ಳಿಯ ಕಡೆಗೆ ಸಿಗುವ ವರೂರಿನಲ್ಲಿ, 1976ರಲ್ಲಿ ವಿಜಯ ಸಂಕೇಶ್ವರರು ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಸಾರಿಗೆ ಸಂಸ್ಥೆಯ ನೆಲೆಯಿದೆ; ಇನ್ನೂ ಮುಂದೆ ಧಾರವಾಡದಲ್ಲಿ ಟಾಟಾ ಕಂಪನಿಯ ವಾಹನ ಕಾರ್ಖಾನೆಯಿದೆ. ಸಾವಿರಾರು ಕುಟುಂಬಗಳು ಲಾರಿಯನ್ನೇ ನಂಬಿರುವ ಇಂಥ ಸೀಮೆಯಲ್ಲಿ ಎಂಜಿನ್ ಕಾದು ದಾರಿಯಲ್ಲಿ ನಿಂತಾಗಲೆಲ್ಲ ಬಿಸಿಲನ್ನೋ ಚಾಲಕನನ್ನೋ ದೂರುವುದು ರೂಢಿಯಾಗಿದೆ. ಆದರೆ ಎಂಜಿನ್ನಿನಿಂದ ಕಾವು ಹೊರಹೋಗುವ ದಾರಿಯನ್ನು ಒಂದೊಂದಾಗಿ ನೋಡುತ್ತ ಹೋದರೆ, ಬಹಳಷ್ಟು ಸಲ ತಪ್ಪು ಇರುವುದು ರೇಡಿಯೇಟರಿಗೆ ಸುರಿದ ನೀರಿನಲ್ಲಿ ಮತ್ತು ಲಾರಿಯ ಮೇಲೆ ಹೇರಿದ ಭಾರದಲ್ಲಿ ಎಂಬುದು ತಿಳಿಯುತ್ತದೆ.

ಸುಡುವ ಡೀಸೆಲ್ಲಿನ ಶಕ್ತಿಯೆಲ್ಲ ಚಕ್ರಕ್ಕೆ ತಲುಪುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಭಾರಿ ಎಂಜಿನ್ ಕೂಡ ಸುಮಾರು ಶೇ 40ರಷ್ಟನ್ನು ಮಾತ್ರ ದುಡಿಮೆಯಾಗಿ ಮಾರ್ಪಡಿಸುತ್ತದೆ. ಉಳಿದದ್ದರಲ್ಲಿ ಒಂದು ದೊಡ್ಡ ಪಾಲು ಹೊಗೆಯೊಂದಿಗೆ ಸೈಲೆನ್ಸರಿನ ಮೂಲಕ ಹೋದರೆ, ಒಟ್ಟು ಶಕ್ತಿಯ ಹೆಚ್ಚುಕಡಿಮೆ ಕಾಲುಭಾಗವನ್ನು ಎಂಜಿನ್ ಸುತ್ತ ಹರಿಯುವ ನೀರು ಹೊತ್ತುಕೊಂಡು ಹೋಗಬೇಕಾಗುತ್ತದೆ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಬರುವ ಲಾರಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಮೇಲೇರುತ್ತದೆ. 55 ಟನ್ ತೂಕದ ವಾಹನವನ್ನು ಇಷ್ಟು ಎತ್ತರಕ್ಕೆ ಎತ್ತುವುದಕ್ಕೆಂದೇ, ರಸ್ತೆಯ ಉಜ್ಜುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 18–19 ಲೀಟರ್ ಡೀಸೆಲ್ ಸುಡಬೇಕು. ಆ ಡೀಸೆಲ್ಲಿನಿಂದ ನೀರಿಗೆ ಸೇರುವ ಕಾವು 500 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಲಾರಿಯಲ್ಲಿರುವ ಒಟ್ಟು ನೀರಾದರೋ ಕೆಲವೇ ಹತ್ತು ಲೀಟರ್. ಆದ್ದರಿಂದ ಅದೇ ನೀರು ಕಾವನ್ನು ಹೀರಿ, ರೇಡಿಯೇಟರಿನಲ್ಲಿ ಗಾಳಿಗೆ ಬಿಟ್ಟು, ಮತ್ತೆ ಎಂಜಿನ್ನಿಗೆ ಮರಳುವ ಸುತ್ತು ಎಡೆಬಿಡದೆ ನಡೆಯಬೇಕು.

ಈ ಸುತ್ತನ್ನು ನಡೆಸುವುದು ವಾಟರ್ ಪಂಪ್. ಎಂಜಿನ್ ಚಾಲೂ ಆದ ಹೊಸದರಲ್ಲಿ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, ಶಾಖ 80–85 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ದಾರಿ ಬಿಡುವ ಬಾಗಿಲು ಥರ್ಮೋಸ್ಟ್ಯಾಟ್. ರೇಡಿಯೇಟರಿನ ಮುಚ್ಚಳವು ಪ್ರೆಷರ್ ಕುಕ್ಕರಿನ ಮುಚ್ಚಳದಂತೆ ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಬಿಂದುವನ್ನು ಏರಿಸುತ್ತದೆ. ತಡಸದಂಥ ಪ್ರಸ್ಥಭೂಮಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುವುದರಿಂದ, ಮುಚ್ಚಳದ ರಬ್ಬರ್ ಹರಿದು ಒತ್ತಡ ಸೋರಿಹೋದರೆ ಉಳಿದೆಲ್ಲ ಭಾಗಗಳು ಸರಿಯಿದ್ದರೂ ನೀರು ಉಕ್ಕುತ್ತದೆ. ಕೆಲವು ನೂರು ರೂಪಾಯಿಯ ಮುಚ್ಚಳ ಹೀಗೆ ಲಕ್ಷಾಂತರ ರೂಪಾಯಿಯ ಎಂಜಿನ್ನನ್ನು ಕಾಯುತ್ತದೆ.

ಇನ್ನು ನೀರಿನ ವಿಷಯ. ಹಾವೇರಿ, ಧಾರವಾಡ ಜಿಲ್ಲೆಗಳ ಬಹಳಷ್ಟು ಬೋರುಗಳ ನೀರು ಗಡಸು. ಅದರಲ್ಲಿ ಕರಗಿರುವ ಸುಣ್ಣದ ಲವಣಗಳು ಕಾದ ಲೋಹದ ಮೇಲೆ ಪೊರೆಯಾಗಿ ಕೂರುತ್ತವೆ. ಮನೆಯ ಹಂಡೆಯಲ್ಲಿ ಕಟ್ಟುವ ಬಿಳಿಯ ಗಟ್ಟಿ ಪದರವೇ ಎಂಜಿನ್ನಿನ ಒಳಗೂ ಕಟ್ಟುತ್ತದೆ, ಅದೂ ಅತಿ ಹೆಚ್ಚು ಬಿಸಿಯಾಗುವ ಹೆಡ್ಡಿನ ವಾಲ್ವುಗಳ ಸುತ್ತಲೇ. ಈ ಪೊರೆ ಎರಕದ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಕಾವು ದಾಟಿಸುವುದರಿಂದ, ಒಂದೆರಡು ಮಿಲಿಮೀಟರ್ ದಪ್ಪವಾದರೂ ಸಾಕು, ಲೋಹ ಸುಡುತ್ತಿದ್ದರೂ ನೀರಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ನೀರಿನ ಶಾಖವನ್ನಷ್ಟೇ ಅಳೆಯುವ ಡ್ಯಾಶ್‌ಬೋರ್ಡಿನ ಮುಳ್ಳು ನಡುವಿನಲ್ಲೇ ನಿಂತಿರುವಾಗ ಹೆಡ್ ಬಿರುಕು ಬಿಡುವುದು ಹೀಗೆ.

ಇದಕ್ಕಿಂತ ಗೂಢವಾದ ಕೇಡು ಲೈನರಿನದು. ಭಾರಿ ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ ಆಡುವ ಉಕ್ಕಿನ ಅಥವಾ ಬೀಡಿನ ಕೊಳವೆಗೆ ಲೈನರ್ ಎಂದು ಹೆಸರು. ಅದರ ಹೊರಮೈ ನೀರಿನಲ್ಲೇ ಮುಳುಗಿರುತ್ತದೆ. ಪ್ರತಿ ದಹನದ ಹೊಡೆತಕ್ಕೂ ಅದು ಕಣ್ಣಿಗೆ ಕಾಣದಷ್ಟು ನಡುಗುತ್ತದೆ, ಆ ನಡುಕಕ್ಕೆ ಹೊರಮೈಗಂಟಿದ ನೀರಿನಲ್ಲಿ ಸೂಕ್ಷ್ಮ ಆವಿಗುಳ್ಳೆಗಳು ಹುಟ್ಟಿ ಮರುಕ್ಷಣವೇ ಒಡೆದು ಲೋಹಕ್ಕೆ ಗುದ್ದು ಕೊಡುತ್ತವೆ. ಬರೀ ನೀರಿನಲ್ಲಿ ಓಡಿದ ಎಂಜಿನ್ನನ್ನು ಬಿಚ್ಚಿ ಲೈನರನ್ನು ಹೊರಗೆಳೆದು ನೋಡಿದರೆ, ಪಿಸ್ಟನ್ ಒತ್ತುವ ಪಕ್ಕದಲ್ಲಿ ಮೇಲಿಂದ ಕೆಳಗೆ ಸೂಜಿಮೊನೆ ಗಾತ್ರದ ಕುಳಿಗಳು ಸಾಲುಗಟ್ಟಿರುವುದು ಕಾಣುತ್ತದೆ. ಕುಳಿಯೊಂದು ಆರಪಾರ ತೂತಾದ ದಿನ ನೀರು ಆಯಿಲಿಗೆ ಬೆರೆಯುತ್ತದೆ. ಆಯಿಲ್ ಕಡ್ಡಿಯಲ್ಲಿ ಬಿಳುಪು ನೊರೆ ಕಂಡರೆ ಗಾಡಿಯನ್ನು ಮುಂದೆ ಒಂದು ಹೆಜ್ಜೆಯೂ ಓಡಿಸಬಾರದು. ಕೂಲಂಟ್ ಎಂದು ಮಾರುವ ಬಣ್ಣದ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಜೊತೆಗೆ ಲೈನರಿನ ಮೇಲೆ ತೆಳು ರಕ್ಷಾಕವಚ ಮೂಡಿಸುವ ರಾಸಾಯನಿಕಗಳೂ ಇರುತ್ತವೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಏತಕ್ಕೆ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆಯಾದರೂ, ಉಷ್ಣ ಸೀಮೆಯ ಲಾರಿಗೆ ಅದು ಬೇಕಾಗಿರುವುದು ಕುದಿಬಿಂದು ಏರಿಸುವುದಕ್ಕೆ, ತುಕ್ಕು ತಡೆಯುವುದಕ್ಕೆ ಮತ್ತು ಲೈನರ್ ಉಳಿಸುವುದಕ್ಕೆ.

ಒಳಗೆ ನೀರು ಚೆನ್ನಾಗಿದ್ದರೂ ಹೊರಗೆ ಗಾಳಿ ಹಾಯದಿದ್ದರೆ ಪ್ರಯೋಜನವಿಲ್ಲ. ಲಾರಿಯ ಮುಂಭಾಗದಲ್ಲಿ ಟರ್ಬೊ ಒತ್ತಿದ ಬಿಸಿಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮೊದಲು, ಅದರ ಬೆನ್ನಿಗೆ ರೇಡಿಯೇಟರ್ ಇರುತ್ತದೆ. ಹಾನಗಲ್ಲ, ಹಿರೇಕೆರೂರು, ಸವಣೂರು ಭಾಗದಲ್ಲಿ ಗೋವಿನಜೋಳದ ಸುಗ್ಗಿ ಬಂದಾಗ ಗಾಳಿಯಲ್ಲಿ ಹಾರುವ ರವದಿ, ಹತ್ತಿಯ ಎಳೆ ಮತ್ತು ಎರೆಮಣ್ಣಿನ ಧೂಳು ಇಂಟರ್‌ಕೂಲರ್ ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಮುಂದಿನಿಂದ ನೋಡಿದವರಿಗೆ ಇಂಟರ್‌ಕೂಲರ್ ಸ್ವಚ್ಛವಾಗಿಯೇ ಕಾಣುತ್ತದೆ, ಹಿಂದಿನ ರೇಡಿಯೇಟರ್ ಮಾತ್ರ ಕಂಬಳಿ ಹೊದ್ದಿರುತ್ತದೆ. ಮುಂದಿನಿಂದ ಜೋರಾಗಿ ನೀರು ಹೊಡೆದರೆ ಕಸ ಇನ್ನಷ್ಟು ಒಳಸೇರಿ, ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುವುದರಿಂದ, ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲುವಾಗಿ ತೊಳೆಯುವುದೇ ಸರಿಯಾದ ಕ್ರಮ. ಘಟ್ಟದ ಏರಿನಲ್ಲಿ ಲಾರಿಯ ವೇಗ ತೀರ ಕಡಿಮೆಯಾಗಿ ಎದುರುಗಾಳಿ ಸಿಗದ ಕಾರಣ ಇಡೀ ಭಾರ ಫ್ಯಾನಿನ ಮೇಲೆ ಬೀಳುತ್ತದೆ. ಶಾಖ ಏರಿದಾಗ ಮಾತ್ರ ಫ್ಯಾನನ್ನು ಪೂರ್ಣ ವೇಗಕ್ಕೆ ಹಿಡಿಯುವ ಕ್ಲಚ್ ಸೋತಿದ್ದರೆ ಬಯಲಿನಲ್ಲಿ ಅದು ಗೊತ್ತೇ ಆಗದೆ, ಘಟ್ಟದಲ್ಲಿ ಗೊತ್ತಾಗುತ್ತದೆ.

ಗಾಡಿ ಪದೇಪದೇ ಹೀಟ್ ಆದಾಗ ಥರ್ಮೋಸ್ಟ್ಯಾಟನ್ನೇ ಕಿತ್ತು ಬಿಸಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದುಕೊಂಡಾಗ ರೇಡಿಯೇಟರನ್ನು ತಪ್ಪಿಸಿ ಹೋಗುವ ಅಡ್ಡದಾರಿಯನ್ನು ತಾನೇ ಮುಚ್ಚುತ್ತದೆ; ಅದನ್ನು ತೆಗೆದರೆ ಆ ಅಡ್ಡದಾರಿ ಸದಾ ತೆರೆದಿದ್ದು, ಬಿಸಿನೀರಿನ ಒಂದು ಭಾಗ ತಣಿಯದೆಯೇ ಎಂಜಿನ್ನಿಗೆ ಮರಳುತ್ತದೆ. ಬಯಲಿನಲ್ಲಿ ಬೇಕಾದಷ್ಟು ಕಾಯದ, ಏರಿನಲ್ಲಿ ಮಿತಿಮೀರಿ ಕಾಯುವ ಎಂಜಿನ್ ಇದರ ಫಲ.

ಭಾರದ ಮಾತಿಗೆ ಬಂದರೆ, 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಆಕ್ಸಲ್ ಭಾರದ ಮಿತಿ ಏರಿಸಿದಾಗ ಮೂರು ಆಕ್ಸಲ್ ಲಾರಿಯ ಒಟ್ಟು ತೂಕ 25 ಟನ್‌ಗಳಿಂದ 28.5ಕ್ಕೂ, ದೊಡ್ಡ ಟ್ರೈಲರುಗಳದು 49ರಿಂದ 55ಕ್ಕೂ ಹೋಯಿತು. ಹಳೆಯ ಮಿತಿಗೆಂದೇ ತಯಾರಾದ ರೇಡಿಯೇಟರ್ ಮಾತ್ರ ಅಷ್ಟೇ ಉಳಿಯಿತು. ಇದರ ಮೇಲೂ ಓವರ್‌ಲೋಡ್ ಹೇರಿ, ಗಾಡಿ ಕಾದದ್ದಕ್ಕೆ ಚಾಲಕನ ಪಗಾರ ಹಿಡಿಯುವುದು ಅನ್ಯಾಯ. ಚಾಲಕನ ಕೈಯಲ್ಲಿರುವುದೆಂದರೆ, ಏರು ಶುರುವಾಗುವ ಮೊದಲೇ ಗೇರ್ ಇಳಿಸಿ ಎಂಜಿನ್ನನ್ನು ಹಗುರವಾಗಿ ತಿರುಗಲು ಬಿಡುವುದು. ಹೀಗೆ ಮಾಡಿದರೆ ಪಂಪೂ ಫ್ಯಾನೂ ವೇಗವಾಗಿ ತಿರುಗುತ್ತವೆ, ಪ್ರತಿ ಹೊಡೆತದ ಮೇಲಿನ ಹೊರೆಯೂ ತಗ್ಗುತ್ತದೆ. ಘಟ್ಟ ಹತ್ತಿದ ಮೇಲೆ ಢಾಬಾ ಕಂಡಕೂಡಲೇ ಎಂಜಿನ್ ಬಂದ್ ಮಾಡದೆ ಮೂರರಿಂದ ಐದು ನಿಮಿಷ ಹಾಗೇ ಬಿಟ್ಟರೆ ಟರ್ಬೊ ಬೇರಿಂಗಿನ ಆಯಿಲ್ ಕರಕಲಾಗುವುದು ತಪ್ಪುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್–6 ಲಾರಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುದ್ಧಗೊಳಿಸಿಕೊಳ್ಳುವಾಗ 550–600 ಡಿಗ್ರಿ ಮುಟ್ಟುವುದರಿಂದ, ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವುದು ಬೆಂಕಿಗೆ ಆಹ್ವಾನ.

ಮುಳ್ಳು ಕೆಂಪಿಗೆ ಏರಿದಾಗ ಗಾಡಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣಿಯುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬಾರದು. ಒತ್ತಡದಲ್ಲಿದ್ದ ನೀರು ಒಮ್ಮೆಲೇ ಆವಿಯಾಗಿ ಮುಖ, ಕೈ ಸುಡುತ್ತದೆ, ಕಾದ ಹೆಡ್ಡಿಗೆ ತಣ್ಣೀರು ಬಿದ್ದರೆ ಅದೂ ಸೀಳುತ್ತದೆ. ಲಾರಿ ಮಾಲೀಕರು ಕಂಪನಿ ಹೇಳಿದ ಪ್ರಮಾಣದಲ್ಲಿ ಬೆರೆಸಿದ ಕೂಲಂಟಿನ ಒಂದು ಡಬ್ಬಿಯನ್ನು ಕ್ಯಾಬಿನ್ನಿನಲ್ಲಿ ಸದಾ ಇಟ್ಟುಕೊಡಬೇಕು. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಬೋರಿನ ನೀರು ಹಾಕಬೇಕಾಗಿ ಬಂದರೆ, ಊರು ತಲುಪಿದ ಕೂಡಲೇ ಅದನ್ನು ಬಸಿದು, ಸುತ್ತನ್ನು ತೊಳೆದು, ಹೊಸ ಕೂಲಂಟ್ ತುಂಬಿಸಬೇಕು.